ಪಕ್ಕದ್ಮನೆ ಹುಡುಗ

ರೂಪಶ್ರೀಗೆ ಒಂದು ಚಿಂತೆ ಇತ್ತು. ಯಾರಿಗಾದರೂ ಹೇಳಿದರೆ ನಕ್ಕಾರು ಎಂದು ತನಗೆ ತಾನೇ ಹೇಳಿಕೊಂಡು ಸುಮ್ಮನಾಗುತ್ತಿದ್ದಳು. ಬಸ್ಸಿನಲ್ಲಿ ಇಳಿಯುವ ಜಾಗ ಬಂದಾಗ 'ಹೋಲ್ಡಾನ್' ಎಂದು ಕೂಗಲು ಅವಳಿಗೆ ದನಿ ಬರುತ್ತಿರಲಿಲ್ಲ. ಬಾಯಿ ತೆರೆಯುತ್ತಿತ್ತು, ಮಾತು ಗಂಟಲವರೆಗೆ ಬಂದು ನಿಲ್ಲುತ್ತಿತ್ತು, ಅಷ್ಟರಲ್ಲಿ ತುಮಕೂರಿನ ಅಂಚಿನ ತಮ್ಮ ಕ್ಯಾತ್ಸಂದ್ರದ ಸ್ಟಾಪು ಹಿಂದಕ್ಕೆ ಸರಿದಿರುತ್ತಿತ್ತು. ಬೇರೆ ಯಾರಾದರೂ ಇಳಿಯುವವರಿದ್ದರೆ ಅವಳ ಪುಣ್ಯ. ಇಲ್ಲದಿದ್ದರೆ ಮುಂದಿನ ಸ್ಟಾಪಿನಲ್ಲಿ ಇಳಿದು, ಅಲ್ಲೇ ಏನೋ ಕೆಲಸವಿತ್ತೆಂಬಂತೆ ಮುಖ ಮಾಡಿಕೊಂಡು, ತಟ್ಟೆ ಇಡ್ಲಿ ಹೋಟೆಲುಗಳ ಮುಂದೆ ಹಿಂದಕ್ಕೆ ನಡೆದು ಬರುತ್ತಿದ್ದಳು. ಬಿ.ಎ. ಓದಿದ ವರ್ಷಗಳೆಲ್ಲ ಹೀಗೇ ಕಳೆದಿದ್ದವು. ರಾತ್ರಿ ಡೈರಿಯಲ್ಲಿ 'ಇವತ್ತೂ ನಡೆದೆ' ಎಂದು ಬರೆದರೆ ಆ ದಿನದ ಭಾರ ಇಳಿದಂತೆ.

ತಮ್ಮ ನಂದೀಶ ಜೊತೆಗಿದ್ದರೆ ಮಾತ್ರ ಈ ಚಿಂತೆ ಇರಲಿಲ್ಲ. ಹದಿನಾರು ವರ್ಷದ ನಂದೀಶ ತಾನಾಗಿ ಮಾತಾಡುವುದು ಕಡಿಮೆ. ಕೇಳಿಸಿಕೊಂಡದ್ದನ್ನು ಕೇಳಿಸಿಕೊಂಡ ಹಾಗೇ ತಿರುಗಿ ಹೇಳುವುದು ಹೆಚ್ಚು. ಬಸ್ಸು ಹತ್ತಿದನೆಂದರೆ ಅವನೇ ಕಂಡಕ್ಟರು. "ಮುಂದಕ್ ಹೋಗ್ರೀ, ಮಧ್ಯ ಖಾಲಿ ಐತೆ!" ಎಂದು ಅದೇ ರಾಗ, ಅದೇ ಗದರಿಕೆ. "ಯಾರ್ರೀ ಕ್ಯಾತ್ಸಂದ್ರ? ಹೋಲ್ಡಾನ್!" ಎಂದು ಅವನು ಕೂಗಿದರೆ ಡ್ರೈವರು ತಿರುಗಿಯೂ ನೋಡದೆ ಬ್ರೇಕು ಒತ್ತುತ್ತಿದ್ದ. ಜನ ಕಿಸಕ್ಕೆನ್ನುವರು, ಒಬ್ಬಿಬ್ಬರು "ಪಾಪ" ಎನ್ನುವರು. ರೂಪಶ್ರೀ ತಲೆತಗ್ಗಿಸಿಕೊಂಡು ಅವನ ಕೈ ಹಿಡಿದು ಇಳಿಯುವಳು. ನಾಚಿಕೆಯೂ ಆಗುತ್ತಿತ್ತು, ಸದ್ಯ ನಡೆಯುವುದು ತಪ್ಪಿತಲ್ಲ ಎಂಬ ನೆಮ್ಮದಿಯೂ ಆಗುತ್ತಿತ್ತು.

ಬೆಂಗಳೂರಿನ ಡಾಕ್ಟರು ಅವನಿಗಿರುವುದು ಆಟಿಸಂ ಎಂದಿದ್ದರು. ಅಮ್ಮ ಸರ್ವಮಂಗಳಮ್ಮ ಆ ಮಾತನ್ನು ಬೆಂಗಳೂರಲ್ಲೇ ಬಿಟ್ಟು ಬಂದಿದ್ದಳು. ಕೇಳಿದವರಿಗೆಲ್ಲ "ಮಾತು ವಸಿ ತಡ, ಅಷ್ಟೇಯ" ಎನ್ನುತ್ತಿದ್ದಳು. ಮಗನಿಗೆ ಮೀಸೆ ಚಿಗುರಿದರೂ ಅದು ತಡವೇ ಆಗಿ ಉಳಿಯಿತು. ಅಪ್ಪ ಪರಮಶಿವಯ್ಯ ಇರುವವರೆಗೆ ಅವನನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಸಿದ್ಧಗಂಗೆಯ ದಾರಿಯಲ್ಲಿ ಸುತ್ತಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ನಂದೀಶನ ಲೋಕ ಎರಡು ಮನೆಗಳಷ್ಟಾಯಿತು. ಒಂದು ತಮ್ಮ ಮನೆ, ಇನ್ನೊಂದು ಪಕ್ಕದ ಹೊಂಬಾಳಮ್ಮನ ಮನೆ.

ಹೊಂಬಾಳಮ್ಮ ಒಬ್ಬಂಟಿ ಮುದುಕಿ. ಹಬ್ಬ ಹುಣ್ಣಿಮೆ ಬಂದರೆ ಬೀದಿಯವರಿಗೆಲ್ಲ ಒತ್ತುಶಾವಿಗೆ ಮಾಡಿಕೊಡುತ್ತಿದ್ದಳು. ಒರಳಿನ ಹಿಡಿ ತಿರುಗಿಸುವ ಕೆಲಸ ನಂದೀಶನದು. ಬಿಸಿ ಹಿಟ್ಟು ಎಳೆ ಎಳೆಯಾಗಿ ತಟ್ಟೆಗೆ ಇಳಿಯುವುದನ್ನು ನೋಡುತ್ತ ಅವನು ರೆಪ್ಪೆ ಹೊಡೆಯುವುದನ್ನೂ ಮರೆಯುತ್ತಿದ್ದ. ಯಾರಾದರೂ ಬಂದು "ಇದ್ಯಾರು?" ಎಂದರೆ ಹೊಂಬಾಳಮ್ಮ ಎಲೆಅಡಿಕೆ ಮೆಲ್ಲುತ್ತ "ನಮ್ಮನೆ ಹುಡುಗ ಕಣ್ರೋ" ಎನ್ನುತ್ತಿದ್ದಳು. ಅವಳು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದೇ ಮಗ ಕಾರು ಕಳಿಸಿ ಕುಣಿಗಲ್‌ಗೆ ಕರೆಸಿಕೊಂಡ. ಅವಳ ಗಂಟುಮೂಟೆ ಹಿಡಿದು ಬಸ್ಸಿನಲ್ಲಿ ಹೋಗಿ ಗೇಟಿನವರೆಗೂ ಮುಟ್ಟಿಸಿ ಬಂದವರು ರೂಪಶ್ರೀ, ನಂದೀಶರೇ. ಆ ದಿನ ಮನೆಯಲ್ಲಿ ಮಗನಿದ್ದ. ಕ್ಯಾತ್ಸಂದ್ರಕ್ಕೆ ಎಂದೂ ಬಂದಿರದ ಸೊಸೆ ದೀಪಿಕಾ ಕೆಲಸಕ್ಕೆ ಹೋಗಿದ್ದಳು. ವಾಪಸು ಬಂದ ಮೇಲೆ ನಂದೀಶ ವಾರಗಟ್ಟಲೆ "ಗೂಳೂರ್ ಹೆಬ್ಬೂರ್ ಕುಣಿಗಲ್, ಕುಣಿಗಲ್ ಕುಣಿಗಲ್" ಎಂದು ಕೂಗುತ್ತಿದ್ದ. ಪಕ್ಕದ ಬಾಗಿಲಿಗೆ ಬೀಗ ಬಿದ್ದಿತ್ತು.

ಇನ್ನೊಂದು ಸಂಗತಿ ಹೇಳದೆ ಮುಂದಿನದು ತಿಳಿಯುವುದಿಲ್ಲ. ನಂದೀಶನಿಗೆ ಮೊದಲೆಲ್ಲ "ಯಾರು ನೀನು?" ಎಂದರೆ "ಯಾರು ನೀನು?" ಎಂದೇ ತಿರುಗಿ ಬರುತ್ತಿತ್ತು. ಎಲ್ಲಾದರೂ ಕಳೆದುಹೋದರೆ ಗತಿಯೇನು ಎಂದು ರೂಪಶ್ರೀ ಪಟ್ಟು ಹಿಡಿದು ಅವನಿಗೆ ಉತ್ತರ ಕಲಿಸಿದ್ದಳು. ಸರಿಯಾಗಿ ಹೇಳಿದಾಗಲೆಲ್ಲ ಅಂಗೈಗೆ ನಾಲ್ಕು ಹುರಿಗಡಲೆ. ಒಂದು ವರ್ಷವೇ ಹಿಡಿಯಿತು. ಕೊನೆಗೊಂದು ದಿನ ಯಾರು ಕೇಳಿದರೂ ಒಂದೇ ಉಸಿರಿಗೆ "ನಂದೀಶ. ರೂಪಕ್ಕನ ತಮ್ಮ. ಕ್ಯಾತ್ಸಂದ್ರ" ಎಂದು ಹೇಳಿ, ಅಂಗೈ ಬಿಚ್ಚಿ ಚಾಚಿ ನಿಲ್ಲತೊಡಗಿದ. ಅಂಗೈ ಚಾಚುವುದೂ ಉತ್ತರದ ಭಾಗವೇ ಎಂದು ಅವನು ತಿಳಿದಿದ್ದ. ಅವಳೂ ತಿದ್ದಲು ಹೋಗಲಿಲ್ಲ.

ಆ ಭಾನುವಾರ ಗುಬ್ಬಿಯಿಂದ ರೂಪಶ್ರೀಯನ್ನು ನೋಡಲು ಬಂದರು. ಹುಡುಗ ಸೋಮಶೇಖರ, ಸೊಸೈಟಿಯಲ್ಲಿ ಕೆಲಸ, ಮೆತ್ತಗೆ ಮಾತಾಡುವವನು. ಅವನ ತಾಯಿ ಶಾಂತವೀರಮ್ಮ ದೊಡ್ಡ ದನಿಯ, ದೊಡ್ಡ ನಗುವಿನ ಹೆಂಗಸು. ಹಿಂದಿನ ವರ್ಷ ತಿಪಟೂರಿನ ಸಂಬಂಧವೊಂದು ನಂದೀಶನನ್ನು ನೋಡಿದ ಮೇಲೆ "ಇದು ವಂಶದಲ್ಲಿ ಬರೋದಾ?" ಎಂಬ ಒಂದು ಪ್ರಶ್ನೆ ಕೇಳಿ ಎದ್ದು ಹೋಗಿತ್ತು. ಹಾಗಾಗಿ ಅಮ್ಮ ಅವನ ಕೈಗೆ ಮೊಬೈಲು ಕೊಟ್ಟು ಒಳಗಿನ ಕೋಣೆಯಲ್ಲಿ ಕೂರಿಸಿ ಬಾಗಿಲು ಎಳೆದಿದ್ದಳು. ಚಿಲಕ ಹಾಕಲು ಕೈ ಬಂದಿರಲಿಲ್ಲ. ಉಪ್ಪಿಟ್ಟು ಕೇಸರಿಬಾತು ಮುಗಿದು ಕಾಫಿ ಬರುವ ಹೊತ್ತಿಗೆ ನಂದೀಶ ನಡುಮನೆಗೇ ಬಂದು ನಿಂತ.

"ಯಾರಪ್ಪಾ ನೀನು?" ಎಂದರು ಶಾಂತವೀರಮ್ಮ.

"ನಂದೀಶ. ರೂಪಕ್ಕ..."

"ಪಕ್ಕದ್ಮನೆ ಹುಡುಗ!" ಅಮ್ಮ ಅವನ ರಟ್ಟೆ ಹಿಡಿದುಕೊಂಡಳು. "ಅವಾಗವಾಗ ಬರ್ತಿರ್ತಾನೆ. ಸ್ವಲ್ಪ ಹಂಗೇ... ಪಕ್ಕದ್ಮನೆ ಹುಡುಗ."

"ಓ, ಹಂಗಾ. ಅಯ್ಯೋ ಶಿವನೇ, ನೋಡೋಕ್ ಎಷ್ಟ್ ಲಕ್ಷಣವಾಗವ್ನೆ. ಹೆತ್ತೋರಿಗೆ ಎಷ್ಟ್ ಸಂಕಟವೋ." ಶಾಂತವೀರಮ್ಮ ರೂಪಶ್ರೀಯ ಕಡೆ ತಿರುಗಿದರು. "ನಿನ್ನ ಅಕ್ಕ ಅಂತಾನಲ್ಲಮ್ಮ? ತುಂಬ ಹಚ್ಕೊಂಡವ್ನೆ ಅಂತ ಕಾಣುತ್ತೆ."

ರೂಪಶ್ರೀ ಹೌದೆಂದು ತಲೆಯಾಡಿಸಿದಳು.

ಗಂಡಿನವರ ಕಾರು ಹೊರಡುವಾಗ ನಂದೀಶ ಗೇಟು ಹಿಡಿದು ನಿಂತು "ಗುಬ್ಬಿ ಗುಬ್ಬಿ, ರೈಟ್!" ಎಂದ. ಎಲ್ಲರೂ ನಕ್ಕರು. ಶಾಂತವೀರಮ್ಮ ಕಿಟಕಿಯಿಂದ ತಲೆ ಹೊರಹಾಕಿ, "ಶುಕ್ರವಾರ ಒಪ್ಪುವೀಳ್ಯಕ್ಕೆ ಹಿರೀಕರನ್ನ ಕರ್ಕೊಂಡ್ ಬರ್ತೀವಿ" ಎಂದರು.

ಅಮ್ಮನಿಗೆ ಸಂತೋಷಪಡಲೂ ಪುರುಸೊತ್ತಿರಲಿಲ್ಲ. "ಶುಕ್ರವಾರ ಹತ್ತು ಜನ ಬರ್ತಾರೆ. ಅಷ್ಟೂ ಜನದ್ ಮುಂದೆ ಇವನು ರೂಪಕ್ಕನ ತಮ್ಮ ಅಂದ್ರೆ? ರೂಪಾ, ನೀನ್ ಹೇಳ್ಕೊಟ್ರೆ ಕಲೀತಾನೆ. ನನ್ ಮಾತು ಕೇಳಲ್ಲ."

"ಏನ್ ಹೇಳ್ಕೊಡ್ಲಮ್ಮ?"

"ಗೊತ್ತಿಲ್ದೋಳ್ ಥರ ಕೇಳ್ಬೇಡ ಕಣೇ." ಅಮ್ಮ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿ ನಿಲ್ಲಿಸಿದಳು. "ನಂಗೇನ್ ಖುಷಿ ಅನ್ಕಂಡಿದೀಯ? ನಾನ್ ಹೋದ್ಮೇಲೆ ಇವ್ನಿಗೆ ನೀನ್ ಬಿಟ್ರೆ ಯಾರವ್ರೆ? ನಿಂಗೊಂದ್ ಮನೆ ಅಂತ ಆದ್ರೆ ತಾನೆ ಇವ್ನಿಗೂ ಅಲ್ಲೊಂದ್ ಮೂಲೆ ಸಿಗೋದು. ತಾಳಿ ಬೀಳ್ಲಿ. ಆಮೇಲೆ ನಿಧಾನಕ್ ಹೇಳಿದ್ರಾಯ್ತು."

ಅಮ್ಮ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ರೂಪಶ್ರೀಗೆ ವಾದ ಮಾಡಲು ಬಾರದು. ಅವಳು ಡಬ್ಬಿಯಿಂದ ಹುರಿಗಡಲೆ ತೆಗೆದುಕೊಂಡು ತಮ್ಮನ ಎದುರು ಕೂತಳು.

"ಯಾರು ನೀನು?"

"ನಂದೀಶ. ರೂಪಕ್ಕನ ತಮ್ಮ. ಕ್ಯಾತ್ಸಂದ್ರ." ಅಂಗೈ ಚಾಚಿದ.

ಅವಳು ಕಾಳು ಕೊಡಲಿಲ್ಲ. ಅವನು ಅಂಗೈಯನ್ನು ಒಮ್ಮೆ ನೋಡಿಕೊಂಡ, ಅವಳ ಮುಖವನ್ನು ಒಮ್ಮೆ ನೋಡಿದ. ಮತ್ತೆ ಹೇಳಿದ, ಈ ಸಲ ಇನ್ನೂ ಜೋರಾಗಿ, ಇನ್ನೂ ಸ್ಪಷ್ಟವಾಗಿ. ಆಗಲೂ ಕೊಡಲಿಲ್ಲ. "ಪಕ್ಕದ್ಮನೆ ಹುಡುಗ ಅನ್ನು ನಂದಿ" ಎಂದಳು. ಒಂದು ವರ್ಷ ಹಿಡಿದು ಕಲಿಸಿದ್ದನ್ನು ಅಳಿಸಲು ಮೂರು ದಿನ ಸಾಕಾಯಿತು. ಬುಧವಾರ ಸಂಜೆಗೆ ಅವನು ತಪ್ಪಿಲ್ಲದೆ "ಪಕ್ಕದ್ಮನೆ ಹುಡುಗ" ಎನ್ನುತ್ತಿದ್ದ. ಅದೇ ಸಂಜೆ ಅವನು ಬೀಗ ಹಾಕಿದ ಹೊಂಬಾಳಮ್ಮನ ಮನೆಯ ಮೆಟ್ಟಿಲ ಮೇಲೆ ಬಾಗಿಲಿಗೆ ಬೆನ್ನು ಕೊಟ್ಟು ಕತ್ತಲಾಗುವವರೆಗೂ ಕೂತಿದ್ದ. ಊಟಕ್ಕೆ ಕರೆದರೂ ಏಳಲಿಲ್ಲ, ಎಳೆದುಕೊಂಡು ಬರಬೇಕಾಯಿತು. ಯಾಕಿರಬಹುದು ಎಂದು ಅವಳು ಯೋಚಿಸಲಿಲ್ಲ. ಡೈರಿಯಲ್ಲಿ ಆ ದಿನ 'ವಿಶೇಷವೇನಿಲ್ಲ' ಎಂದು ಬರೆದು ಮಲಗಿದಳು.

ಗುರುವಾರ ಬೆಳಿಗ್ಗೆ ಅಮ್ಮ ಹಾಲು ತರಲು ಹೋಗಿ ಬರುವಷ್ಟರಲ್ಲಿ ನಂದೀಶ ಮನೆಯಲ್ಲಿರಲಿಲ್ಲ.

ಪಕ್ಕದ ಮೆಟ್ಟಿಲು, ಹಿತ್ತಲು, ರೈಲ್ವೆ ಗೇಟು, ಮಠದ ದಾರಿ, ಎಲ್ಲ ನೋಡಿ ಬಂದದ್ದಾಯಿತು. ಅಮ್ಮ ಜಗುಲಿಯ ಮೇಲೆ ಕುಸಿದಳು. "ಗುಬ್ಬಿಗೇ ಹೋಗವ್ನೆ ಕಣೇ. ಆ ಕಾರ್ ಹಿಂದೆನೇ ಗುಬ್ಬಿ ಗುಬ್ಬಿ ಅಂತಿದ್ದ. ಅಯ್ಯೋ, ಅವರ ಮನೆ ಬಾಗ್ಲಲ್ ಹೋಗ್ ನಿಂತ್ಬಿಟ್ರೆ!"

"ಏರಿಯಾ ಗ್ರೂಪಿಗೆ ಫೋಟೋ ಹಾಕ್ಲಾ ಅಮ್ಮ?"

"ಹಾಕ್ಬೇಡ್ವೇ! ಒಂದ್ ಗ್ರೂಪಿಗೆ ಹಾಕಿದ್ರೆ ಊರೆಲ್ಲಾ ಸುತ್ತುತ್ತೆ. ನಾಳೆ ಒಪ್ಪುವೀಳ್ಯ ಇಟ್ಕೊಂಡು..."

"ಸ್ಟೇಷನ್‌ಗಾದ್ರೂ?"

"ಮಧ್ಯಾಹ್ನದ್ವರ್ಗೂ ನೋಡಾಣ. ಅವ್ನು ವಾಪಸ್ ಬಂದ್ರೆ ಅಂತ ನಾನಿಲ್ಲಿರ್ತೀನಿ. ನೀನ್ ಗುಬ್ಬಿಗ್ ಹೋಗು. ಯಾರ್ನೂ ಕೇಳ್ಬೇಡ. ಕಣ್ಣಲ್ಲೇ ಹುಡುಕು."

ರೂಪಶ್ರೀ ಗುಬ್ಬಿಯಲ್ಲಿ ಕಣ್ಣಲ್ಲೇ ಹುಡುಕಿದಳು. ಬಸ್ ಸ್ಟ್ಯಾಂಡಿನ ಪ್ರತಿ ಬೆಂಚು ನೋಡಿದಳು, ರೈಲ್ವೆ ಸ್ಟೇಷನ್ನಿನ ಎರಡೂ ತುದಿ ನೋಡಿದಳು, ಚನ್ನಬಸವೇಶ್ವರಸ್ವಾಮಿ ಗುಡಿಯ ಸುತ್ತ ಬಂದಳು. ಸೋಮಶೇಖರನ ಬೀದಿ ಇದೇ ಇರಬಹುದೆನ್ನಿಸಿದ ಕಡೆ ವೇಲನ್ನು ತಲೆಗೆ ಎಳೆದುಕೊಂಡು ಸರಸರನೆ ದಾಟಿದಳು. ಇಷ್ಟೆಲ್ಲದರ ನಡುವೆಯೂ ಒಳಗೆಲ್ಲೋ, ಯಾರನ್ನೂ ಮಾತಾಡಿಸುವ ಹಾಗಿಲ್ಲವಲ್ಲ ಎಂಬ ಒಂದು ಹಾಳು ನೆಮ್ಮದಿ ಇತ್ತು. ಅದು ಇದೆಯೆಂದು ಗೊತ್ತಾಗಿ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಎಳನೀರು ಮಾರುವವನೊಬ್ಬ ನೋಡುತ್ತಲೇ ಇದ್ದ. "ಆವಾಗಿಂದ ಓಡಾಡ್ತಿದೀಯಲ್ಲವ್ವ, ಯಾರ್ನ ಹುಡುಕ್ತಾ ಇದೀಯ?"

"ಯಾರ್ನೂ ಇಲ್ಲ."

"ಕಳ್ದಿರೋದು ವಸ್ತುನೋ ಮನುಷ್ಯನೋ, ಅದ್ನಾದ್ರೂ ಹೇಳು. ಬೆಳಿಗ್ಗೆಯಿಂದ ಇಲ್ಲೇ ಇವ್ನಿ, ಕಂಡಿದ್ರೂ ಕಂಡಿರ್ತೀನಿ."

"ಏನಿಲ್ಲ" ಎಂದು ಅವಳು ಮುಂದೆ ಹೋದಳು. ಫೋನಿನಲ್ಲಿ ನಂದೀಶನ ಫೋಟೋ ತೆರೆದೇ ಇತ್ತು. ಶಾವಿಗೆ ಒರಳಿನ ಮುಂದೆ, ಕೆನ್ನೆಗೆ ಹಿಟ್ಟು ಮೆತ್ತಿಕೊಂಡಿದ್ದ ಫೋಟೋ. ಅದನ್ನು ತೋರಿಸಬೇಕಾದರೆ ಇವನು ಯಾರೆಂದು ಹೇಳಬೇಕಿತ್ತು.

ಬಿಸಿಲು ನೆತ್ತಿಗೇರಿದ ಮೇಲೆ ಫೋನು ಬಂತು. ಅಮ್ಮನದಲ್ಲ.

"ರೂಪಾ, ನಾನ್ ಕಣವ್ವ, ಹೊಂಬಾಳಮ್ಮ. ನಂದೀಶ ಮನೇಲವ್ನಾ?"

ರೂಪಶ್ರೀ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಬೆಳಿಗ್ಗೆ ನಮ್ಮ ಬಾಗ್ಲಲ್ಲಿ ಅವ್ನ ದನಿ ಕೇಳ್ದಂಗಾಯ್ತು. ನಂಗೆ ಎದ್ ಹೋಗಿ ನೋಡೋಕಾಗಲ್ವಲ್ಲ. ಯಾರೇ ಅದು ಅಂತ ಸೊಸೆನ ಕೇಳಿದ್ರೆ, ಯಾವನೋ ತಲೆ ಸರಿಯಿಲ್ದೋನು, ಪಕ್ಕದ್ಮನೆ ಹುಡುಗ ಅಂದು ಕೈ ಚಾಚ್ದ, ಹಂಗಾದ್ರೆ ಪಕ್ಕದ್ಮನೆಗೆ ಹೋಗಪ್ಪ ಅಂತ ಕಳಿಸ್ದೆ ಅಂದ್ಲು. ನನ್ ಕಿವಿ ಮಂದ ಆಗೈತೆ, ನಿಜ. ಆದ್ರೆ ಆ ದನಿ ನಂಗ್ ತಪ್ಪಲ್ಲ ಕಣವ್ವ. ಮನಸ್ಸು ತಡೀಲಿಲ್ಲ, ಮಾಡ್ದೆ. ಮನೇಲವ್ನೆ ತಾನೆ?"

ರೂಪಶ್ರೀ ಫೋನು ಹಿಡಿದುಕೊಂಡೇ ಬಸ್ಸಿಗೆ ಓಡಿದಳು. ಗುಬ್ಬಿ ಬಿಟ್ಟು ತುಮಕೂರು ಸೇರುವವರೆಗೂ ಅವಳ ತಲೆಯಲ್ಲಿ ಒಂದೇ ಸುತ್ತುತ್ತಿತ್ತು. ಮೂರು ದಿನ ಕೂರಿಸಿಕೊಂಡು ನೀನು ಈ ಮನೆಯವನಲ್ಲ, ಪಕ್ಕದ ಮನೆಯವನು ಎಂದು ಹೇಳಿಕೊಟ್ಟಿದ್ದಳು. ಅವನು ನಂಬಿದ. ಪಕ್ಕದ ಮನೆಗೆ ಹೋಗಿ ನೋಡಿದ. ಅಲ್ಲಿ ಬೀಗ ಇತ್ತು. ಪಕ್ಕದ ಮನೆ ಈಗ ಕುಣಿಗಲ್‌ನಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಯಾರನ್ನೂ ಕೇಳದೆ, ದಾರಿ ತಪ್ಪದೆ, ಸರಿಯಾದ ಬಸ್ಸು ಹತ್ತಿ ಸರಿಯಾದ ಬಾಗಿಲಿಗೇ ಹೋಗಿ ನಿಂತಿದ್ದ. ಬಾಗಿಲು ತೆರೆದವಳು ಯಾರೆಂದು ಕೇಳಿದ್ದಳು, ಅಕ್ಕ ಕಲಿಸಿದ್ದನ್ನು ಅವನು ಹೇಳಿದ್ದ.

ಕುಣಿಗಲ್ ಬಸ್ಸು ತುಂಬಿತ್ತು. ಹೆಬ್ಬೂರು ದಾಟಿದ ಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಫೋನಿನಿಂದ ಗದ್ದಲ ಕೇಳಿಬಂತು. "ನೋಡಿ, ಕುಣಿಗಲ್‌ನಲ್ಲಿ ಮಕ್ಕಳ್ ಕಳ್ಳನ್ನ ಹಿಡ್ದವ್ರೆ" ಎಂದು ಅವಳು ಹಿಂದಿನ ಸೀಟಿಗೂ ಕಾಣುವಂತೆ ಫೋನು ಎತ್ತಿ ಹಿಡಿದಳು.

ಲೈಟು ಕಂಬ. ಬಟ್ಟೆ ಒಣಹಾಕುವ ನೀಲಿ ಹಗ್ಗ. ತುಟಿ ಊದಿ, ಷರ್ಟಿನ ತೋಳು ಹರಿದು ನಿಂತಿದ್ದವನು ನಂದೀಶ.

"ಯಾರೋ ನೀನು? ಬೊಗಳೋ!"

"ಪಕ್ಕದ್ಮನೆ ಹುಡುಗ."

ಕೆನ್ನೆಗೊಂದು ಬಿತ್ತು. "ನಾಟಕ ಆಡ್ತೀಯೇನ್ಲಾ? ಯಾರ್ ನೀನು?"

"ಪಕ್ಕದ್ಮನೆ ಹುಡುಗ."

ಮತ್ತೊಂದು ಬಿತ್ತು. ಕಟ್ಟಿದ್ದ ಮಣಿಕಟ್ಟಿನ ಕೆಳಗೆ ಅವನ ಅಂಗೈ ಬಿಚ್ಚಿಕೊಂಡಿತ್ತು. ಎಷ್ಟು ಸಲ ಕೇಳಿದರೂ ತಪ್ಪಿಲ್ಲದೆ ಹೇಳುತ್ತಿದ್ದ, ಹೇಳಿದಾಗಲೆಲ್ಲ ಪೆಟ್ಟು ಬೀಳುತ್ತಿತ್ತು, ಆದರೂ ಪ್ರತಿ ಸಲ ಅಂಗೈ ಬಿಚ್ಚಿಕೊಳ್ಳುತ್ತಿತ್ತು. ಆ ಅಂಗೈ ಏನು ಕೇಳುತ್ತಿದೆ ಎಂಬುದು ಬಸ್ಸಿನಲ್ಲಿ ಒಬ್ಬಳಿಗೇ ಗೊತ್ತಿತ್ತು.

"ಹುಚ್ಚನ ವೇಷ ಹಾಕ್ಕೊಂಡೇ ಬರೋದು ಇವ್ರು" ಎಂದ ಮುಂದಿನ ಸೀಟಿನವನು.

"ಒಳ್ಳೆ ಮನೆ ಹುಡುಗನ ಥರ ಅವ್ನಲ್ರೀ?"

"ಒಳ್ಳೆ ಮನೆಯೋರು ಇಂಥವ್ನ ಬೀದಿಗೆ ಬುಡ್ತಾರಾ? ಕಟ್ಟಾಕ್ಕೊಂಡ್ ಸಾಕ್ಬೇಕು, ಇಲ್ಲ ಎಲ್ಲಾದ್ರೂ ಸೇರಿಸ್ಬೇಕು. ನಮ್ ಮಕ್ಳು ಮರಿ ಓಡಾಡ್ಬೇಕೋ ಬೇಡ್ವೋ?"

"ಆಮೇಲೆ ಪೊಲೀಸ್ನೋರು ಬಂದು ಬಿಡಿಸ್ಕೊಂಡ್ ಹೋದ್ರಂತೆ" ಎಂದಳು ಫೋನಿನ ಹೆಂಗಸು. ಆಮೇಲೆ ರೂಪಶ್ರೀಯ ಮುಖ ನೋಡಿ, "ಯಾಕಮ್ಮ, ವಾಂತಿ ಬರೋ ಹಂಗೈತಾ? ಕಿಟಕಿ ಪಕ್ಕ ಕೂತ್ಕೊತೀಯಾ?"

ರೂಪಶ್ರೀ ಬಾಯಿ ತೆರೆದಳು. ಮಾತು ಗಂಟಲಿಗೆ ಬಂತು. "ಏನಿಲ್ಲ" ಎಂದಳು.

ಠಾಣೆಯ ವರಾಂಡದಲ್ಲಿ ನಂದೀಶ ಗೋಡೆಗೆ ಮುಖ ಮಾಡಿ, ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದ. ಅವನ ಮುಂದೆ ಮುಟ್ಟದ ಬಿಸ್ಕತ್ತು, ಮುಟ್ಟದ ನೀರು. ಮಹಿಳಾ ಪೇದೆಯೊಬ್ಬಳು ಎದುರಿಗೆ ಕುರ್ಚಿ ಹಾಕಿಕೊಂಡು ಕೂತಿದ್ದಳು. "ನಿಮ್ಮೋನಾ?" ಎಂದಳು.

ರೂಪಶ್ರೀ ತಲೆಯಾಡಿಸಿದಳು.

"ಏನಾಗ್ಬೇಕು ನಿಂಗೆ?"

ರೂಪಶ್ರೀ ಫೋನಿನಲ್ಲಿದ್ದ ತಮ್ಮಿಬ್ಬರ ಆಧಾರ್ ಕಾರ್ಡುಗಳ ಫೋಟೋ ತೆಗೆದು ತೋರಿಸಿದಳು. ಪೇದೆ ಎರಡರಲ್ಲೂ ಅಪ್ಪನ ಹೆಸರು ಓದಿದಳು. "ಅಕ್ಕನಾ? ಯಾಕಮ್ಮ, ನಿಂಗೂ ಮಾತ್ ಬರಲ್ವಾ?" ಎಂದು ಗದರಿ, ಆಮೇಲೆ ಕೊಂಚ ಮೆತ್ತಗಾದಳು. "ಆ ಬೀದೀಲಿ ಒಂದ್ ಮನೆ ಬಿಟ್ಟಿಲ್ಲ. ಇವ್ನು ಪಕ್ಕದ್ಮನೆ ಹುಡುಗ ಅಂತಾನೆ, ಅವ್ರು ಪಕ್ಕದ್ಮನೆ ತೋರಿಸ್ತಾರೆ. ಹಂಗೇ ಬೀದಿ ಕೊನೇವರ್ಗೂ ಕಳ್ಸವ್ರೆ. ಕೊನೇ ಮನೇಲಿ ಒಂದ್ ಮಗು ಒಂದೇ ಕೂತು ಮಂಡಕ್ಕಿ ತಿಂತಿತ್ತಂತೆ. ಅದರ ಮುಂದೆ ಹೋಗಿ ಕೂತು ಕೈ ಚಾಚವ್ನೆ. ಅಷ್ಟೇ ಆಗಿದ್ದು. ನೋಡ್ದೋರು ಕೂಗಾಡಿ ಜನ ಸೇರಿಸವ್ರೆ. ಅದ್ಸರಿ, ಯಾರೇನ್ ಕೇಳಿದ್ರೂ ಕೈ ಚಾಚ್ತಾನಲ್ಲ, ಭಿಕ್ಷೆ ಬೇಡೋಕೇನಾದ್ರೂ ಬಿಟ್ಟಿದೀರಾ?"

ಅಷ್ಟರಲ್ಲಿ ಹೊಂಬಾಳಮ್ಮನ ಸೊಸೆ ದೀಪಿಕಾ ಸ್ಕೂಟರು ನಿಲ್ಲಿಸಿ ಓಡಿಬಂದಳು. ಅತ್ತು ಅವಳ ಕಣ್ಣು ಊದಿತ್ತು. "ವಿಡಿಯೋ ನೋಡಿ ಅತ್ತೆ ಎದೆ ಎದೆ ಬಡ್ಕೊಂಡ್ರು. ರೂಪಾ, ನಾನಿವ್ನನ್ನ ನೋಡೇ ಇರ್ಲಿಲ್ಲ ಕಣೇ. ಹೆಸ್ರು ಹೇಳಿದ್ರೆ ಸಾಕಿತ್ತು. ಅತ್ತೆ ದಿನ ಬೆಳಗಾದ್ರೆ ನಂದೀಶ ನಂದೀಶ ಅಂತಿರ್ತಾರೆ. ಒಂದೇ ಒಂದ್ ಸಲ ಹೆಸ್ರು ಹೇಳಿದ್ರೆ ಒಳಗ್ ಕರೀತಿದ್ದೆ. ಅವ್ನು ಹೆಸ್ರು ಹೇಳ್ಲೇ ಇಲ್ಲ."

ರೂಪಶ್ರೀ ತಮ್ಮನ ಪಕ್ಕದಲ್ಲಿ ನೆಲಕ್ಕೆ ಕೂತಳು. "ನಂದಿ" ಎಂದಳು, ಅವನಿಗಷ್ಟೇ ಕೇಳುವಂತೆ. ಅವನು ಕಿವಿಯಿಂದ ಕೈ ತೆಗೆದ. ಅವಳನ್ನು ನೋಡಿದ. ಊದಿದ ತುಟಿ ಕಷ್ಟಪಟ್ಟು ತೆರೆಯಿತು.

"ಪಕ್ಕದ್ಮನೆ ಹುಡುಗ" ಎಂದು ಹೇಳಿ ಅಂಗೈ ಚಾಚಿದ.

ಅವಳ ಬಳಿ ಹುರಿಗಡಲೆ ಇರಲಿಲ್ಲ.

ಅಮ್ಮನಿಗೆ ಫೋನು ಮಾಡಿ ಸಿಕ್ಕಿದ ಎಂದಾಗ ಅಮ್ಮ ಮೊದಲು ಕೇಳಿದ್ದು "ನಮ್ಮೋರ್ ಯಾರಾದ್ರೂ ನೋಡಿದ್ರಾ?" ಎಂದು. ಮರುಕ್ಷಣವೇ ತಾನು ಕೇಳಿದ್ದು ತನಗೇ ಕೇಳಿಸಿತೇನೋ, ಹೋ ಎಂದು ಅತ್ತಳು. ಆ ಅಳುವಿನ ನಡುವೆ "ಏನಾದ್ರೂ ತಿಂದ್ನಾ? ಏನಾದ್ರೂ ತಿಂದ್ನೇನೇ?" ಎಂಬುದಷ್ಟೇ ತಿಳಿಯುತ್ತಿತ್ತು.

ವಾಪಸು ಬಸ್ಸಿನಲ್ಲಿ ಕಂಡಕ್ಟರು ನಂದೀಶನನ್ನು ಗುರುತು ಹಿಡಿದ. "ಏ, ಇವ್ನು ಬೆಳಿಗ್ಗೆ ನಮ್ ಬಸ್ಸಲ್ಲೇ ಬಂದಿದ್ದ! ಟಿಕೆಟ್ ಅಂದ್ರೆ ರೈಟ್ ರೈಟ್ ಅಂತಾನೆ. ಹೋಗ್ಲಿ ಬುಡು, ನಮ್ಮ ಅಸಿಸ್ಟೆಂಟು ಅಂತ ಕೂರಿಸ್ಕೊಂಡೆ. ದಾರಿ ಉದ್ದಕ್ಕೂ ಸ್ಟಾಪೆಲ್ಲಾ ಇವನೇ ಕೂಗ್ದ." ಆಮೇಲೆ ಮುಖ ನೋಡಿ ಅವನ ನಗು ನಿಂತಿತು. "ಯಾವ್ ಪಾಪಿಗಳಮ್ಮ ಹಿಂಗ್ ಮಾಡಿರೋದು?" ಉತ್ತರಕ್ಕೆ ಕಾಯದೆ ಮುಂದೆ ಹೋದ.

ಸ್ಟಾಪುಗಳು ಒಂದೊಂದಾಗಿ ಬಂದು ಹೋದವು. ನಂದೀಶ ಏನೂ ಕೂಗಲಿಲ್ಲ. ಹೆಬ್ಬೂರು ಬಂತು, ಹೋಯಿತು. ನಾಗವಲ್ಲಿ ಬಂತು, ಹೋಯಿತು. ಕಂಡಕ್ಟರು ಅವನಿಗೆಂದೇ ಒಂದು ಸಲ "ಯಾರ್ರೀ ಗೂಳೂರ್?" ಎಂದು ರಾಗ ಎಳೆದು ಇವನ ಕಡೆ ನೋಡಿದ. ನಂದೀಶ ಕಿಟಕಿಯ ಸರಳಿಗೆ ಹಣೆ ಒತ್ತಿಕೊಂಡು ಕೂತೇ ಇದ್ದ. ಮಣಿಕಟ್ಟಿನ ಮೇಲೆ ಹಗ್ಗದ ಬರೆ ಕೆಂಪಗೆ ಎದ್ದಿತ್ತು. ಬಸ್ಸಿನಲ್ಲಿ ನಂದೀಶ ಸುಮ್ಮನೆ ಕೂತದ್ದನ್ನು ರೂಪಶ್ರೀ ನೋಡಿದ್ದು ಅದೇ ಮೊದಲು. ಇವನು ಯಾವಾಗ ಸುಮ್ಮನಾಗುತ್ತಾನೋ ಎಂದು ಅವಳು ಅದೆಷ್ಟು ಸಲ ತಲೆತಗ್ಗಿಸಿ ಬಯಸಿದ್ದಳೋ.

ಫೋನು ಬಡಿದುಕೊಂಡಿತು. ಗುಬ್ಬಿಯ ನಂಬರು.

"ರೂಪಶ್ರೀ, ನಾನಮ್ಮ, ಸೋಮಶೇಖರನ ತಾಯಿ." ಶಾಂತವೀರಮ್ಮನ ದೊಡ್ಡ ದನಿ ಪಕ್ಕದ ಸೀಟಿನವರೆಗೂ ಕೇಳುತ್ತಿತ್ತು. "ಅಮ್ಮಂಗೆ ಮಾಡ್ದೆ, ಎತ್ತಲಿಲ್ಲ. ನಮ್ ಗ್ರೂಪಿಗೆ ಒಂದ್ ವಿಡಿಯೋ ಬಂದೈತಮ್ಮ, ಕುಣಿಗಲ್‌ದು. ನೋಡಿ ಕರುಳು ಕಿತ್ ಬಂದಂಗಾಯ್ತು. ಅವತ್ತು ನಿಮ್ಮನೇಲಿದ್ನಲ್ಲ, ಅವ್ನೇ ಅಲ್ವಾ? ನಿಮ್ ಪಕ್ಕದ್ಮನೆ ಹುಡುಗ?"

ಆ ಮಾತು ಕೇಳಿದ್ದೇ ನಂದೀಶನ ಅಂಗೈ ಅವನ ತೊಡೆಯ ಮೇಲೆ ತಾನಾಗಿ ಬಿಚ್ಚಿಕೊಂಡಿತು. ಅವನು ಕಿಟಕಿಯಿಂದ ತಿರುಗಲೂ ಇಲ್ಲ.

"ಅವ್ರ ಮನೆಯೋರಿಗೆ ಸುದ್ದಿ ಮುಟ್ಸಿದ್ರಾ? ಎಂಥಾ ಜನನಮ್ಮ ಅವ್ರು? ಹಿಂಗಿರೋ ಮಗೂನ ಬೀದಿಗ್ ಬುಟ್ಟು ಮನೇಲಿ ಹೆಂಗ್ ಕೂತವ್ರೆ? ಹಲೋ? ಕೇಳಿಸ್ತಾ ಐತಾ? ಬಸ್ಸಲ್ಲಿದೀಯಾ? ಜೋರಾಗ್ ಹೇಳಮ್ಮ, ಏನೂ ಕೇಳಿಸ್ತಿಲ್ಲ."

ರೂಪಶ್ರೀ ಬಾಯಿ ತೆರೆದಳು. ಮಾತು ಎಂದಿನಂತೆ ಗಂಟಲವರೆಗೆ ಬಂದು ನಿಂತಿತು. ಹೊರಗೆ ಗೂಳೂರಿನ ಸ್ಟಾಪು ಹಿಂದಕ್ಕೆ ಸರಿಯುತ್ತಿತ್ತು. ತಮ್ಮನ ಖಾಲಿ ಅಂಗೈ ಇನ್ನೂ ಬಿಚ್ಚಿಕೊಂಡೇ ಇತ್ತು. ಅವಳು ಅದರಲ್ಲಿ ತನ್ನ ಕೈ ಇಟ್ಟಳು. ಆಮೇಲೆ ಮುಂದಿನ ಸೀಟಿನವರು, ಕಂಡಕ್ಟರು, ಡ್ರೈವರು ಎಲ್ಲ ತಿರುಗಿ ನೋಡುವಷ್ಟು ಜೋರಾಗಿ ಹೇಳಿದಳು:

"ಪಕ್ಕದ್ಮನೆ ಹುಡುಗ ಅಲ್ಲ. ಇವ್ನು ನಂದೀಶ, ನನ್ ತಮ್ಮ."